ಎಚ್13 ಬೇಸ್ ಮೇಲೆ ಮಾರೇಜಿಂಗ್ ಪ್ರಿಂಟ್: ಹಾರ್ಡನಿಂಗ್ ಮೊದಲೋ, ಆಮೇಲೋ?

ಡೈಶಾಪ್27:

ಮೌಲ್ಡ್ ಇನ್ಸರ್ಟ್ ಒಂದರ ಬಗ್ಗೆ ಸಲಹೆ ಬೇಕು. ಕೆಳಗೆ 80×60 ಮಿ.ಮೀ. ಎಚ್13 (ಬಿಸಿ ಕೆಲಸದ ಟೂಲ್ ಸ್ಟೀಲ್) ಬ್ಲಾಕ್, ಎತ್ತರ 40 ಮಿ.ಮೀ. ಅದರ ಮೇಲೆ ಲೇಸರ್ ಪೌಡರ್ ಬೆಡ್ ಮಷೀನ್‌ನಲ್ಲಿ 18ನಿಕಲ್-300 ಮಾರೇಜಿಂಗ್ ಸ್ಟೀಲ್ (ನಿಕಲ್ ಹೆಚ್ಚು, ಕಾರ್ಬನ್ ಬಹಳ ಕಡಿಮೆ ಇರುವ ಉಕ್ಕು) 35 ಮಿ.ಮೀ. ಪ್ರಿಂಟ್ ಆಗಿದೆ, ಪದರದ ದಪ್ಪ 40 ಮೈಕ್ರಾನ್. ಕೂಲಿಂಗ್ ಚಾನೆಲ್‌ಗಳೆಲ್ಲ ಪ್ರಿಂಟ್ ಆದ ಭಾಗದಲ್ಲೇ ಇವೆ. ಬೇಸ್ ಅನೀಲ್ಡ್ (ಕಾಯಿಸಿ ಮೆತ್ತಗೆ ಮಾಡಿದ) ಸ್ಥಿತಿಯಲ್ಲೇ ಇತ್ತು, ಗಡಸುತನ ಸುಮಾರು 200 ಬ್ರಿನೆಲ್. ಪ್ರಿಂಟ್ ಮುಗಿದ ಮೇಲೆ ನೇರವಾಗಿ 490 ಡಿಗ್ರಿ ಸೆಲ್ಸಿಯಸ್‌ನಲ್ಲಿ 6 ಗಂಟೆ ಏಜಿಂಗ್ (ಗಡಸುತನ ಬರಲು ಹದ ಬಿಸಿಯಲ್ಲಿ ಇಡುವುದು) ಕೊಟ್ಟಿದ್ದೇವೆ.

ಪ್ರಿಂಟ್ ಭಾಗ 53 ಎಚ್‌ಆರ್‌ಸಿ (ರಾಕ್‌ವೆಲ್ ಸಿ ಗಡಸುತನ) ಬಂತು. ಬೇಸ್ ಮೊದಲಿನಷ್ಟೇ ಮೆತ್ತಗಿದೆ. ಅರ್ಧ ಎಚ್13, ಅರ್ಧ ಮಾರೇಜಿಂಗ್ ಇರುವ ಟೆನ್ಸೈಲ್ ಸ್ಯಾಂಪಲ್ (ಎಳೆತ ಪರೀಕ್ಷೆಯದು, ಅಳೆಯುವ ಗೇಜ್ ಉದ್ದ 25 ಮಿ.ಮೀ., ಜೋಡಣೆ ನಡುವೆ) 660 ಎಂಪಿಎ (ಮೆಗಾಪ್ಯಾಸ್ಕಲ್) ಒತ್ತಡಕ್ಕೆ ಬೇಸ್ ಕಡೆ ತುಂಡಾಯಿತು, ಎಲಾಂಗೇಶನ್ (ಹಿಗ್ಗುವಿಕೆ) ಶೇ. 11. ಲ್ಯಾಬ್ ವರದಿಯಲ್ಲಿ "ಜೋಡಣೆ ಬೇಸ್‌ಗಿಂತ ಗಟ್ಟಿ" ಎಂದಿದೆ.

ಈಗ ಬೇಸ್‌ಗೂ ಕನಿಷ್ಠ 46 ಎಚ್‌ಆರ್‌ಸಿ ಬೇಕು ಎಂದು ಡಿಸೈನ್‌ನವರು ಕೇಳುತ್ತಿದ್ದಾರೆ. ಪ್ರಿಂಟ್ ಆದ ಪೀಸನ್ನೇ 1020 ಡಿಗ್ರಿಗೆ ಹಾಕಿ ಹಾರ್ಡನ್ ಮಾಡಬಹುದೇ? ಮುಂದಿನ ಪೀಸ್‌ಗಳಿಗೆ ಯಾವ ಕ್ರಮ ಸರಿ? ಈ ಟೆನ್ಸೈಲ್ ಫಲಿತಾಂಶವನ್ನು ಎಷ್ಟರಮಟ್ಟಿಗೆ ನಂಬಬಹುದು?


ಕುಲುಮೆ:

ಮುಂದಿನ ಪೀಸ್‌ಗಳಿಂದ ಶುರು ಮಾಡೋಣ, ಅದಕ್ಕೆ ಉತ್ತರ ಸ್ಪಷ್ಟವಾಗಿದೆ. ಬೇಸನ್ನು ಮೊದಲು ಪೂರ್ತಿ ಹಾರ್ಡನ್ (ಕಾಯಿಸಿ ಬೇಗ ತಣಿಸುವುದು) ಮತ್ತು ಟೆಂಪರ್ (ಮತ್ತೆ ಕಾಯಿಸಿ ಪೆಡಸುತನ ಇಳಿಸುವುದು) ಮಾಡಿ, ಆಮೇಲೆ ಪ್ರಿಂಟ್ ಮಾಡಿ, ಕೊನೆಗೆ 490 ಡಿಗ್ರಿ 6 ಗಂಟೆ ಏಜಿಂಗ್ ಒಂದನ್ನೇ ಕೊಡಿ. ಬೇಸ್‌ನ ಟೆಂಪರಿಂಗ್ ತಾಪಮಾನ ಏಜಿಂಗ್ ತಾಪಮಾನಕ್ಕಿಂತ ಸಾಕಷ್ಟು ಮೇಲಿರಬೇಕು ಎಂಬುದೇ ಇಲ್ಲಿನ ಮುಖ್ಯ ನಿಯಮ. 50 ಡಿಗ್ರಿ ಅಂತರ ಕನಿಷ್ಠ, 100 ಇದ್ದರೆ ನಿಶ್ಚಿಂತೆ.

ಎಚ್13ಗೆ 650ರಲ್ಲಿ ಒಮ್ಮೆ, 850ರಲ್ಲಿ ಒಮ್ಮೆ ನಿಲ್ಲಿಸಿ, 1020–1030ಕ್ಕೆ ಏರಿಸಿ. ಬ್ಲಾಕ್‌ನ ಒಳಭಾಗ ಆ ತಾಪಮಾನ ಮುಟ್ಟಿದ ಮೇಲೆ 30 ನಿಮಿಷ ಸೋಕ್ (ಅದೇ ಬಿಸಿಯಲ್ಲಿ ಇಡುವುದು). ವ್ಯಾಕ್ಯೂಮ್ ಫರ್ನೇಸ್‌ನಲ್ಲಿ ನೈಟ್ರೋಜನ್ ಗ್ಯಾಸ್ ಕ್ವೆಂಚ್ (ವೇಗವಾಗಿ ತಣಿಸುವುದು). 50–60 ಡಿಗ್ರಿಗೆ ಇಳಿದ ಕೂಡಲೇ ಟೆಂಪರಿಂಗ್‌ಗೆ ಹಾಕಬೇಕು, ರಾತ್ರಿಯಿಡೀ ತಣ್ಣಗೆ ಬಿಡಬಾರದು. 590–600ರಲ್ಲಿ 2 ಗಂಟೆಯಂತೆ ಎರಡು ಸಲ, ನಡುವೆ ಕೋಣೆಯ ತಾಪಮಾನಕ್ಕೆ ಇಳಿಸಿ. 46–48 ಎಚ್‌ಆರ್‌ಸಿ ಆಸುಪಾಸು ಸಿಗುತ್ತದೆ. ಹೀಗೆ ಟೆಂಪರ್ ಆದ ಎಚ್13ಗೆ 490 ಡಿಗ್ರಿಯ 6 ಗಂಟೆ ಲೆಕ್ಕಕ್ಕೇ ಬರುವುದಿಲ್ಲ, ಗಡಸುತನ ಹಾಗೇ ಉಳಿಯುತ್ತದೆ. ನಿಮ್ಮ ಬೇಸ್ ಏಜಿಂಗ್ ನಂತರವೂ ಮೆತ್ತಗೇ ಇರುವುದಕ್ಕೆ ಕಾರಣ ಇದೇ: ಅನೀಲ್ಡ್ ಎಚ್13ಗೆ 490 ಡಿಗ್ರಿಯಲ್ಲಿ ಏನೂ ಆಗುವುದಿಲ್ಲ, ಅದಕ್ಕೆ ಆಸ್ಟಿನೈಟ್ (ಹೆಚ್ಚು ಬಿಸಿಯಲ್ಲಿ ಉಕ್ಕು ತಾಳುವ ರೂಪ) ಆಗಿ ಕ್ವೆಂಚ್ ಆಗುವ ಅವಕಾಶವೇ ಸಿಕ್ಕಿಲ್ಲ.

ಒಂದು ಎಚ್ಚರಿಕೆ. ಮಾರೇಜಿಂಗ್ ಡೇಟಾಶೀಟ್ ನೋಡಿದವರು ಏಜಿಂಗ್‌ಗೆ ಮುಂಚೆ 820–840ರಲ್ಲಿ 1 ಗಂಟೆ ಸಲ್ಯೂಶನ್ ಟ್ರೀಟ್‌ಮೆಂಟ್ (ಬೆರಕೆ ಧಾತುಗಳು ಸಮವಾಗಿ ಬೆರೆಯಲು ಕಾಯಿಸುವುದು) ಕೊಡೋಣ ಅನ್ನುತ್ತಾರೆ. ಒಂದೇ ಲೋಹದ ಪಾರ್ಟ್‌ಗೆ ಅದು ಸರಿ. ಹಾರ್ಡನ್ ಆದ ಎಚ್13 ಬೇಸ್ ಜೊತೆಗಿದ್ದರೆ ಬೇಸ್ ಕೆಡುತ್ತದೆ. ಎಚ್13 ಪೂರ್ತಿ ಆಸ್ಟಿನೈಟ್ ಆಗಲು ಆ ತಾಪಮಾನ ಸಾಲದು, ಆದರೆ ಇದ್ದ ಟೆಂಪರ್ಡ್ ಮಾರ್ಟೆನ್ಸೈಟನ್ನು (ಕ್ವೆಂಚ್‌ನಲ್ಲಿ ಹುಟ್ಟಿದ ಗಡಸು ರೂಪ) ಅತಿಯಾಗಿ ಟೆಂಪರ್ ಮಾಡಿ ಮೆತ್ತಗಾಗಿಸಲು ಧಾರಾಳ ಸಾಕು. ಪ್ರಿಂಟ್ ಆದ ಮಾರೇಜಿಂಗ್ ಹೇಗೂ ಮಾರ್ಟೆನ್ಸೈಟ್ ರೂಪದಲ್ಲೇ ಇರುತ್ತದೆ (33–37 ಎಚ್‌ಆರ್‌ಸಿ), ನೇರ ಏಜಿಂಗ್‌ನಲ್ಲೇ 52–54 ಬರುತ್ತದೆ. ಸಲ್ಯೂಶನ್ ಬಿಟ್ಟರೆ ಪ್ರಿಂಟ್ ಪದರಗಳ ಗುರುತು ಮತ್ತು ಸ್ವಲ್ಪ ಆಸ್ಟಿನೈಟ್ ಉಳಿಯುತ್ತವೆ. ಇನ್ಸರ್ಟ್ ಕೆಲಸಕ್ಕೆ ಅದು ತೊಂದರೆಯಲ್ಲ.

ಈಗಾಗಲೇ ಪ್ರಿಂಟ್ ಆದ ಪೀಸ್ ವಿಷಯ. 1020ಕ್ಕೆ ಹಾಕಲು ಸಾಧ್ಯವಿದೆ, ಆದರೆ ಏನೇನು ಬಿಟ್ಟುಕೊಡುತ್ತೀರಿ ಎಂದು ತಿಳಿದೇ ಹಾಕಬೇಕು.

ಮೊದಲನೆಯದು ಕಾರ್ಬನ್. ಎಚ್13ನಲ್ಲಿ ಶೇ. 0.4 ಕಾರ್ಬನ್, ಮಾರೇಜಿಂಗ್‌ನಲ್ಲಿ ಶೇ. 0.03ಕ್ಕಿಂತ ಕಡಿಮೆ. 1020ರಲ್ಲಿ ಎರಡೂ ಆಸ್ಟಿನೈಟ್. ಅರ್ಧ ಗಂಟೆಯಲ್ಲಿ ಕಾರ್ಬನ್ ಸುಮಾರು ಕಾಲು ಮಿಲಿಮೀಟರ್ ದೂರ ಮೇಲಕ್ಕೆ ಹರಿಯುತ್ತದೆ. ಅಲ್ಲಿ ಟೈಟಾನಿಯಂ ಕಾದಿರುತ್ತದೆ, ಕಾರ್ಬನ್ ಸಿಕ್ಕಿದರೆ ಟೈಟಾನಿಯಂ ಕಾರ್ಬೈಡ್ ಆಗುತ್ತದೆ. ಮಾರೇಜಿಂಗ್‌ಗೆ ಗಡಸುತನ ಕೊಡುವ ನಿಕಲ್-ಟೈಟಾನಿಯಂ ಕಣಗಳಿಗೆ ಬೇಕಾದ ಟೈಟಾನಿಯಂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ, ಜೊತೆಗೆ ಕಾರ್ಬೈಡ್ ಗ್ರೇನ್ (ಲೋಹದ ಹರಳು) ಗಡಿಗಳಲ್ಲಿ ಸಾಲಾಗಿ ಕೂತರೆ ಆ ಪಟ್ಟಿ ಪೆಡಸಾಗುತ್ತದೆ. ಸೋಕ್ ಸಮಯವನ್ನು ಬೇಕಾದ್ದಕ್ಕಿಂತ ಒಂದು ನಿಮಿಷವೂ ಹೆಚ್ಚಿಸಬೇಡಿ.

ಎರಡನೆಯದು ಗ್ರೇನ್. 820ರ ಬದಲು 1020ಕ್ಕೆ ಹೋದ ಮಾರೇಜಿಂಗ್‌ನಲ್ಲಿ ಗ್ರೇನ್ ದಪ್ಪವಾಗುತ್ತದೆ. ಗಡಸುತನದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ, ಟಫ್‌ನೆಸ್ (ಬಿರುಕು ತಡೆಯುವ ಗುಣ) ಇಳಿಯುತ್ತದೆ.

ಮೂರನೆಯದು ಕ್ವೆಂಚ್ ಸಮಯದ ಒತ್ತಡ. ಎಚ್13 ಮಾರ್ಟೆನ್ಸೈಟ್ ಆಗಲು ಶುರುವಾಗುವುದು 300 ದಾಟಿದ ತಾಪಮಾನದಲ್ಲಿ, ಮಾರೇಜಿಂಗ್ 200ರ ಆಸುಪಾಸಿನಲ್ಲಿ. ಅಂದರೆ ಬೇಸ್ ಹಿಗ್ಗಿ ಮುಗಿಯುತ್ತಾ ಬಂದಾಗ ಮೇಲ್ಭಾಗ ಇನ್ನೂ ಮೆತ್ತನೆಯ ಆಸ್ಟಿನೈಟ್. ಆಮೇಲೆ ಅದು ಹಿಗ್ಗುವ ಹೊತ್ತಿಗೆ ಬೇಸ್ ಬಗ್ಗುವ ಸ್ಥಿತಿಯಲ್ಲಿರುವುದಿಲ್ಲ. ಚಾನೆಲ್ ಮೂಲೆಗಳು ಇಂಟರ್‌ಫೇಸ್‌ಗೆ (ಎರಡು ಲೋಹ ಕೂಡುವ ಗೆರೆ) ಹತ್ತಿರ ಇದ್ದರೆ ಬಿರುಕು ಅಲ್ಲಿಂದಲೇ. ಆದ್ದರಿಂದ ಎಣ್ಣೆ ಬೇಡ, ಗ್ಯಾಸ್ ಮಾತ್ರ. 350ರ ಹತ್ತಿರ ಸ್ವಲ್ಪ ನಿಲ್ಲಿಸಿ ತಾಪಮಾನ ಸಮವಾಗಲು ಬಿಟ್ಟು ಮುಂದುವರಿಸಿ. 100 ಡಿಗ್ರಿಯಲ್ಲೇ ಹೊರತೆಗೆದು ಟೆಂಪರಿಂಗ್‌ಗೆ ಹಾಕಿದರೆ ಮಾರೇಜಿಂಗ್ ಭಾಗದಲ್ಲಿ ಆಸ್ಟಿನೈಟ್ ಉಳಿದುಬಿಡುತ್ತದೆ, 50ಕ್ಕೆ ಇಳಿಯಲೇಬೇಕು.

ಕೊನೆಗೆ ಟೆಂಪರಿಂಗ್ ಮತ್ತು ಏಜಿಂಗ್ ಒಂದೇ ಸೈಕಲ್‌ನಲ್ಲಿ ಆಗಬೇಕಲ್ಲ, ಅಲ್ಲೇ ನಿಜವಾದ ಇಕ್ಕಟ್ಟು. 590–600ಕ್ಕೆ ಹೋದರೆ ಎಚ್13ಗೆ ಚೆನ್ನ, ಆದರೆ ಮಾರೇಜಿಂಗ್‌ನಲ್ಲಿ ಕಣಗಳು ದಪ್ಪವಾಗಿ, ಆಸ್ಟಿನೈಟ್ ಮರಳಿ ಹುಟ್ಟಿ, ಗಡಸುತನ ಜಾರುತ್ತದೆ. 490ರಲ್ಲೇ ನಿಂತರೆ ಎಚ್13 ತನ್ನ ಸೆಕೆಂಡರಿ ಹಾರ್ಡನಿಂಗ್ (ಟೆಂಪರ್ ಮಾಡುವಾಗ ಮತ್ತೆ ಗಡಸಾಗುವುದು) ತುದಿಯ ಹತ್ತಿರ, 53–55 ಎಚ್‌ಆರ್‌ಸಿಯಲ್ಲಿ ನಿಲ್ಲುತ್ತದೆ ಮತ್ತು ಟಫ್‌ನೆಸ್ ಅತಿ ಕಡಿಮೆ ಇರುವ ಪಟ್ಟಿಗೆ ಬೀಳುತ್ತದೆ. ನಡುವಿನ ದಾರಿ 530 ಡಿಗ್ರಿ, 2 ಗಂಟೆಯಂತೆ ಎರಡು ಸಲ. ಎಚ್13ಗೆ ಎರಡು ಟೆಂಪರ್ ಸಿಕ್ಕಂತಾಯಿತು. ಮಾರೇಜಿಂಗ್‌ಗೆ ಎರಡೂ ಸೇರಿ 4 ಗಂಟೆಯ ಏಜಿಂಗ್, 50–52ರಲ್ಲಿ ನಿಲ್ಲುತ್ತದೆ. ಬೇಸ್ 52 ದಾಟಿರುತ್ತದೆ. ನಿಮಗೆ ಬೇಕಾದದ್ದು ಕನಿಷ್ಠ 46 ಆದ್ದರಿಂದ ಅಂಕಿ ಪಾಸ್ ಆಗುತ್ತದೆ, ಆದರೆ ಬೇಸ್‌ನಲ್ಲಿ ಚೂಪು ಮೂಲೆ, ಬೋಲ್ಟ್ ತೂತು ಇದ್ದರೆ ಆ ಗಡಸುತನ ನಿಮ್ಮ ಪರ ಇಲ್ಲ.

ಚಾನೆಲ್ ಒಳಗಿನ ಪೌಡರ್ ಪೂರ್ತಿ ಹೊರಬಂದಿದೆಯೇ ಎಂದು ಎರಡು ಸಲ ಖಚಿತ ಮಾಡಿಕೊಂಡೇ ಫರ್ನೇಸ್‌ಗೆ ಹಾಕಿ. 1020ರಲ್ಲಿ ಉಳಿದ ಪೌಡರ್ ಸಿಂಟರ್ ಆಗಿ ಗಟ್ಟಿಯಾದರೆ ಮತ್ತೆ ತೆಗೆಯಲಾಗದು.


ವಿಕರ್ಸ್300:

ಕುಲುಮೆ ಸರ್ ಸೈಕಲ್ ಬಗ್ಗೆ ಹೇಳಿದ್ದಾರೆ, ನಾನು ಟೆಸ್ಟಿಂಗ್ ಬಗ್ಗೆ ಮಾತ್ರ ಬರೆಯುತ್ತೇನೆ.

ಆ ಟೆನ್ಸೈಲ್ ವರದಿ ಜೋಡಣೆಯ ಬಗ್ಗೆ ಹೇಳುವುದು ಇಷ್ಟೇ: ಅದು 660 ಎಂಪಿಎ ತಡೆದಿದೆ. ಅನೀಲ್ಡ್ ಎಚ್13 ತಾನಾಗಿಯೇ ತುಂಡಾಗುವ ಮಟ್ಟ ಅದು. ಏಜಿಂಗ್ ಆದ ಮಾರೇಜಿಂಗ್‌ನ ಶಕ್ತಿ 1900–2000 ಎಂಪಿಎ. ಅದರ ಸುಮಾರು ಮೂರನೇ ಒಂದು ಭಾಗದಷ್ಟು ಒತ್ತಡವನ್ನಷ್ಟೇ ಇಂಟರ್‌ಫೇಸ್ ನೋಡಿದೆ. ಬೇಸ್ ಹಾರ್ಡನ್ ಆದ ಮೇಲೆ ಅದೇ ಇಂಟರ್‌ಫೇಸ್ 1400–1500 ಎಂಪಿಎ ಹೊರಬೇಕಾಗುತ್ತದೆ. ಈಗ ಅಡಗಿರುವ ದೋಷ ಅಲ್ಲಿ ಹೊರಬರುತ್ತದೆ.

ಶೇ. 11 ಎಲಾಂಗೇಶನ್ ಎಂಬ ಅಂಕಿಗೂ ಅರ್ಥವಿಲ್ಲ. 25 ಮಿ.ಮೀ. ಗೇಜ್‌ನಲ್ಲಿ ಅರ್ಧ ಮಾರೇಜಿಂಗ್, 660ಕ್ಕೆ ಅದು ಇಲಾಸ್ಟಿಕ್ ಮಿತಿಯ ಒಳಗೇ ಇದೆ, ಹಿಗ್ಗೇ ಇಲ್ಲ. ಹಿಗ್ಗಿದ್ದೆಲ್ಲ ಬೇಸ್‌ನ 12.5 ಮಿ.ಮೀ.ನಲ್ಲಿ. ಅಂದರೆ ಬೇಸ್ ಶೇ. 22 ಹಿಗ್ಗಿದೆ, ಮೇಲ್ಭಾಗ ಸೊನ್ನೆ. ಸ್ಯಾಂಪಲ್‌ನಲ್ಲಿ ಜೋಡಣೆಯ ಜಾಗ 5 ಮಿ.ಮೀ. ಸರಿದಿದ್ದರೂ ಬೇರೆಯೇ ಅಂಕಿ ಬರುತ್ತಿತ್ತು. ಬೈಮೆಟಲ್ ಸ್ಯಾಂಪಲ್‌ಗೆ ಎಲಾಂಗೇಶನ್ ಬರೆಯುವುದಾದರೆ ಪ್ರತಿ ಕಡೆಗೂ ಬೇರೆ ಬೇರೆ ಗುರುತು ಹಾಕಿ, ಬೇರೆ ಬೇರೆಯಾಗಿ ಅಳೆದು ಬರೆಯಬೇಕು. ಡಿಜಿಟಲ್ ಇಮೇಜ್ ಕೋರಿಲೇಶನ್ (ಚಿತ್ರಗಳಿಂದ ಹಿಗ್ಗುವಿಕೆ ಅಳೆಯುವ ವಿಧಾನ) ಇದ್ದರೆ ಉತ್ತಮ. ಇಲ್ಲದಿದ್ದರೆ 2 ಮಿ.ಮೀ.ಗೊಂದು ಗೆರೆ ಕೊರೆದು, ಮುರಿದ ಮೇಲೆ ಪ್ರೊಫೈಲ್ ಪ್ರೊಜೆಕ್ಟರ್‌ನಲ್ಲಿ ಅಳೆದರೂ ನಡೆಯುತ್ತದೆ.

ಜೋಡಣೆಯನ್ನೇ ಪರೀಕ್ಷಿಸಬೇಕಾದರೆ ಮುರಿತ ಅಲ್ಲೇ ಆಗುವಂತೆ ಬಲವಂತ ಮಾಡಬೇಕು. ದುಂಡು ಸ್ಯಾಂಪಲ್‌ನಲ್ಲಿ ಇಂಟರ್‌ಫೇಸ್ ಮೇಲೆಯೇ ಸುತ್ತ ನಾಚ್ (ಕಚ್ಚು) ಹಾಕಿ ಎಳೆಯಿರಿ. ಅದೇ ನಾಚ್ ಇರುವ ಪೂರ್ತಿ ಎಚ್13 ಮತ್ತು ಪೂರ್ತಿ ಮಾರೇಜಿಂಗ್ ಸ್ಯಾಂಪಲ್‌ಗಳ ಜೊತೆ ಹೋಲಿಸಿ, ಏಕೆಂದರೆ ನಾಚ್ ಇದ್ದಾಗ ಬರುವ ಶಕ್ತಿ ಸಾದಾ ಟೆನ್ಸೈಲ್ ಅಂಕಿಗಿಂತ ಹೆಚ್ಚಿರುತ್ತದೆ. ಚಾರ್ಪಿ (ಹೊಡೆತದ ಪರೀಕ್ಷೆ) ಮಾಡುವುದಾದರೆ ಸ್ಯಾಂಪಲನ್ನು ಮೊದಲು ನೈಟಲ್ ಆಮ್ಲದಲ್ಲಿ ಎಚ್ ಮಾಡಿ (ಮೇಲ್ಮೈಯನ್ನು ಆಮ್ಲದಿಂದ ಸವೆಸಿ), ಗೆರೆ ಕಂಡ ಮೇಲೆ ನಾಚ್ ಗುರುತಿಸಿ. ಡ್ರಾಯಿಂಗ್ ಅಳತೆ ನಂಬಿ ನಾಚ್ ಹಾಕಿದರೆ ಅರ್ಧ ಮಿಲಿಮೀಟರ್ ಆಚೀಚೆ ಆದರೂ ನೀವು ಪರೀಕ್ಷಿಸುತ್ತಿರುವುದು ಬೇಸನ್ನೋ ಪ್ರಿಂಟನ್ನೋ ಆಗಿರುತ್ತದೆ.

ಹಾರ್ಡ್‌ನೆಸ್ ಟ್ರಾವರ್ಸ್ (ಇಂಟರ್‌ಫೇಸ್ ದಾಟಿ ಸಾಲಾಗಿ ಗಡಸುತನ ಅಳೆಯುವುದು) ಬಗ್ಗೆ. ಹಾರ್ಡನ್ ಆದ ಬೇಸ್ ಮೇಲೆ ಪ್ರಿಂಟ್ ಮಾಡಿದಾಗ ಇಂಟರ್‌ಫೇಸ್ ಕೆಳಗೆ ಎರಡು ತೆಳು ಪಟ್ಟಿಗಳು ಬರುತ್ತವೆ. ಗೆರೆಗೆ ತಾಗಿಕೊಂಡಂತೆ ಮತ್ತೆ ಆಸ್ಟಿನೈಟ್ ಆಗಿ ತಕ್ಷಣ ಕ್ವೆಂಚ್ ಆದ ಪಟ್ಟಿ, ಟೆಂಪರ್ ಆಗದ ಮಾರ್ಟೆನ್ಸೈಟ್, ಬಹಳ ಗಡಸು. ಅದರ ಕೆಳಗೆ ಹೆಚ್ಚು ಟೆಂಪರ್ ಆಗಿ ಬೇಸ್‌ಗಿಂತ ಮೆತ್ತಗಾದ ಪಟ್ಟಿ. ಪೌಡರ್ ಬೆಡ್‌ನಲ್ಲಿ ಇವೆರಡೂ ಕೆಲವು ನೂರು ಮೈಕ್ರಾನ್ ಒಳಗೇ ಮುಗಿಯುತ್ತವೆ. ರಾಕ್‌ವೆಲ್ ಒತ್ತಿದ ಗುರುತೇ ಈ ಪಟ್ಟಿಗಳಿಗಿಂತ ಅಗಲ, ಅದರಲ್ಲಿ ಇವು ಕಾಣುವುದೇ ಇಲ್ಲ. ವಿಕರ್ಸ್ 10 ಕೆ.ಜಿ. ಲೋಡ್‌ನಲ್ಲಿ 550 ಗಡಸುತನಕ್ಕೆ ಗುರುತಿನ ಕರ್ಣ ಸುಮಾರು 184 ಮೈಕ್ರಾನ್, ಗುರುತುಗಳ ನಡುವೆ ಕರ್ಣದ ಮೂರು ಪಟ್ಟು ಅಂತರ ಬೇಕು ಅಂದರೆ 550 ಮೈಕ್ರಾನ್. ಇಡೀ ಪಟ್ಟಿಯನ್ನೇ ದಾಟಿ ಹೋಗುತ್ತೀರಿ. 0.3 ಕೆ.ಜಿ. ಲೋಡ್ ಬಳಸಿ: ಕರ್ಣ 32 ಮೈಕ್ರಾನ್, ಅಂತರ 100 ಮೈಕ್ರಾನ್. ಇನ್ನೂ ಸೂಕ್ಷ್ಮವಾಗಿ ಬೇಕಾದರೆ ಟ್ರಾವರ್ಸನ್ನು ಇಂಟರ್‌ಫೇಸ್‌ಗೆ ನೇರ ಲಂಬವಾಗಿ ಹಾಕದೆ ಓರೆಯಾಗಿ ಹಾಕಿ. 5 ಹೆಜ್ಜೆ ಅಡ್ಡ ಹೋದಾಗ 1 ಹೆಜ್ಜೆ ಆಳ ಇಳಿಯುವ ಓರೆ ಇದ್ದರೆ 100 ಮೈಕ್ರಾನ್ ಅಂತರದಲ್ಲೇ ಸುಮಾರು 20 ಮೈಕ್ರಾನ್ ಆಳದ ಮಾಹಿತಿ ಸಿಗುತ್ತದೆ.

ಇದೇ ಟ್ರಾವರ್ಸನ್ನು ಏಜಿಂಗ್‌ಗೆ ಮುಂಚೆ ಒಮ್ಮೆ, ನಂತರ ಒಮ್ಮೆ ಮಾಡಿ. ಏಜಿಂಗ್ ಆದ ಮೇಲೂ ಗಡಸು ಪಟ್ಟಿ ಪೂರ್ತಿ ಮಾಯವಾಗಬೇಕು ಎಂದು ನಿರೀಕ್ಷಿಸಬೇಡಿ. 490ರಲ್ಲಿ ಎಚ್13 ಮಾರ್ಟೆನ್ಸೈಟ್ ಟೆಂಪರ್ ಆಗುತ್ತದೆ, ಆದರೆ ಸೆಕೆಂಡರಿ ಹಾರ್ಡನಿಂಗ್ ಇರುವುದರಿಂದ 54–55 ಎಚ್‌ಆರ್‌ಸಿ ಮಟ್ಟದಲ್ಲೇ ನಿಲ್ಲುತ್ತದೆ. ಪೆಡಸುತನ ಇಳಿದಿರುತ್ತದೆ ಎಂಬುದೇ ಲಾಭ. ಹಾಗಾಗಿ ಪ್ರಿಂಟ್ ಆದ ಪೀಸನ್ನು ಏಜಿಂಗ್ ಇಲ್ಲದೆ ಮಷೀನಿಂಗ್‌ಗೆ ಕೊಟ್ಟು ದಿನಗಟ್ಟಲೆ ಇಟ್ಟುಕೊಳ್ಳಬಾರದು.


ತಂತಿಆರ್ಕ್:

ಇದೇ ಥ್ರೆಡ್‌ನಲ್ಲಿ ಕೇಳಬಹುದು ಅಂದುಕೊಂಡಿದ್ದೇನೆ. ನಮ್ಮದು ವೈರ್ ಆರ್ಕ್ ವಿಧಾನ (ತಂತಿಯನ್ನು ಆರ್ಕ್‌ನಲ್ಲಿ ಕರಗಿಸಿ ಪದರ ಕಟ್ಟುವುದು): ಇಆರ್70ಎಸ್-6 ಮೈಲ್ಡ್ ಸ್ಟೀಲ್ ಗೋಡೆ, ಅದರ ಮೇಲೆ 316ಎಲ್ ಸ್ಟೇನ್‌ಲೆಸ್. 620 ಡಿಗ್ರಿಯಲ್ಲಿ 2 ಗಂಟೆ ಸ್ಟ್ರೆಸ್ ರಿಲೀಫ್ (ಒಳಗೆ ಉಳಿದ ಒತ್ತಡ ಇಳಿಸಲು ಕಾಯಿಸುವುದು) ಕೊಟ್ಟ ಮೇಲೆ ಬೆಂಡ್ ಟೆಸ್ಟ್‌ನಲ್ಲಿ ಇಂಟರ್‌ಫೇಸ್ ಪಕ್ಕದಲ್ಲೇ ಬಿರುಕು. ಸ್ಟ್ರೆಸ್ ರಿಲೀಫ್ ಕೊಡದ ಸ್ಯಾಂಪಲ್ ಬಗ್ಗಿತು. ಉಲ್ಟಾ ಆಗಬೇಕಿತ್ತಲ್ಲವೇ?


ಕುಲುಮೆ:

ತಂತಿಆರ್ಕ್ ಅವರೇ, ಈ ಜೋಡಿಗೆ 620 ಅತ್ಯಂತ ಕೆಟ್ಟ ತಾಪಮಾನಗಳಲ್ಲಿ ಒಂದು. ಕ್ರೋಮಿಯಂ ಕಾರ್ಬನ್ನನ್ನು ಎಳೆಯುತ್ತದೆ. ಮೈಲ್ಡ್ ಸ್ಟೀಲ್ ಕಡೆಯಿಂದ ಕಾರ್ಬನ್ ಹೊರಟು ಸ್ಟೇನ್‌ಲೆಸ್ ಅಂಚಿನಲ್ಲಿ ಕ್ರೋಮಿಯಂ ಕಾರ್ಬೈಡ್ ಆಗಿ ಕೂರುತ್ತದೆ. ಒಂದು ಕಡೆ ಕಾರ್ಬನ್ ಕಳೆದುಕೊಂಡ ಮೆತ್ತನೆ ಫೆರೈಟ್ ಪಟ್ಟಿ, ಅದಕ್ಕೆ ಅಂಟಿಕೊಂಡು ಗಡಸು ಕಾರ್ಬೈಡ್ ಪಟ್ಟಿ. ಬಗ್ಗಿಸಿದಾಗ ಹಿಗ್ಗುವಿಕೆಯೆಲ್ಲ ಆ ಮೆತ್ತನೆ ಪಟ್ಟಿಯಲ್ಲೇ ಸೇರಿಕೊಳ್ಳುತ್ತದೆ, ಪಕ್ಕದ ಗಡಸು ಪಟ್ಟಿ ಹಿಗ್ಗಲಾರದು, ಬಿರುಕು ಬಿಡುತ್ತದೆ. ಪ್ರಿಂಟ್ ಆದ ಸ್ಥಿತಿಯಲ್ಲಿ ಕಾರ್ಬನ್ ಇಷ್ಟು ಸರಿದಿರುವುದಿಲ್ಲ, ಅದಕ್ಕೇ ಬಗ್ಗಿತು.

ಇನ್ನು ಸ್ಟ್ರೆಸ್ ನಿಜಕ್ಕೂ ರಿಲೀಫ್ ಆಯಿತೇ? ಲೆಕ್ಕ ಹಾಕಿ ನೋಡಿ. 316ಎಲ್ ಮತ್ತು ಮೈಲ್ಡ್ ಸ್ಟೀಲ್‌ಗಳ ಉಷ್ಣ ಹಿಗ್ಗುವಿಕೆಯ ವ್ಯತ್ಯಾಸ ಡಿಗ್ರಿಗೆ ಸುಮಾರು 10 ಲಕ್ಷದಲ್ಲಿ 5 ಭಾಗ. 600 ಡಿಗ್ರಿ ಇಳಿದಾಗ 0.003 ಸ್ಟ್ರೇನ್ ವ್ಯತ್ಯಾಸ. ಎರಡೂ ಸಮ ದಪ್ಪ ಇದ್ದರೆ ಅರ್ಧರ್ಧ ಹಂಚಿಕೊಳ್ಳುತ್ತವೆ: 0.0015 ಅನ್ನು 200 ಗಿಗಾಪ್ಯಾಸ್ಕಲ್‌ನಿಂದ ಗುಣಿಸಿದರೆ 300 ಎಂಪಿಎ. ಪ್ರಿಂಟ್ ಆದ 316ಎಲ್‌ನ ಯೀಲ್ಡ್ ಮಟ್ಟಕ್ಕೇ ಹತ್ತಿರ. ಅಂದರೆ 620ರಲ್ಲಿ ಹಳೆಯ ಸ್ಟ್ರೆಸ್ ಇಳಿಯಿತು, ತಣ್ಣಗಾಗುವಾಗ ಹೊಸದು ತುಂಬಿಕೊಂಡಿತು, ಸ್ಟೇನ್‌ಲೆಸ್‌ನಲ್ಲಿ ಎಳೆತ, ಮೈಲ್ಡ್ ಸ್ಟೀಲ್‌ನಲ್ಲಿ ಒತ್ತು. ಈ ಜೋಡಿಯಲ್ಲಿ ಯಾವ ಫರ್ನೇಸ್ ಸೈಕಲ್‌ನಿಂದಲೂ ಸ್ಟ್ರೆಸ್ ಪೂರ್ತಿ ಹೋಗುವುದಿಲ್ಲ.

ಮೊದಲು ರಸಾಯನ ಸರಿಮಾಡಿ. ಮೈಲ್ಡ್ ಸ್ಟೀಲ್ ಮೇಲೆ 316ಎಲ್‌ನ ಮೊದಲ ಪದರ ಶೇ. 30 ಡೈಲ್ಯೂಶನ್ (ಕೆಳಗಿನ ಲೋಹ ಬೆರೆಯುವುದು) ಆದರೆ ಕ್ರೋಮಿಯಂ ಶೇ. 13ಕ್ಕೆ, ನಿಕಲ್ ಶೇ. 8ರ ಆಸುಪಾಸಿಗೆ ಇಳಿದು ಶೆಫ್ಲರ್ ನಕ್ಷೆಯಲ್ಲಿ (ಮಿಶ್ರಣ ನೋಡಿ ಲೋಹದ ರೂಪ ಅಂದಾಜಿಸುವ ನಕ್ಷೆ) ಮಾರ್ಟೆನ್ಸೈಟ್ ಇರುವ ಭಾಗಕ್ಕೆ ಬೀಳುತ್ತದೆ. ನಡುವೆ 309ಎಲ್‌ನ ಒಂದು ಪದರ, ಆಗುವುದಾದರೆ ಎರಡು, ಹಾಕಿ. ಅದರಲ್ಲಿ ಕ್ರೋಮಿಯಂ 23, ನಿಕಲ್ 13 ಇರುವುದರಿಂದ ಅಷ್ಟೇ ಡೈಲ್ಯೂಶನ್‌ನಲ್ಲೂ ಆಸ್ಟಿನೈಟ್ ಜೊತೆ ಅಲ್ಪ ಫೆರೈಟ್‌ನಲ್ಲಿ ನಿಲ್ಲುತ್ತದೆ. ಕ್ರಮವನ್ನು ತಿರುವುಮುರುವು ಮಾಡಲೇಬೇಡಿ: ಸ್ಟೇನ್‌ಲೆಸ್ ಮೇಲೆ ಮೈಲ್ಡ್ ಸ್ಟೀಲ್ ಹಾಕಿದರೆ ಮೊದಲ ಪದರ ಪೂರ್ತಿ ಮಾರ್ಟೆನ್ಸೈಟ್.

ಹೀಟ್ ಟ್ರೀಟ್‌ಮೆಂಟ್ ಕೊಡಲೇಬೇಕು ಎಂದಾದರೆ 950ರಲ್ಲಿ 1 ಗಂಟೆ, ಗಾಳಿಯಲ್ಲಿ ತಣಿಸಿ. ಮೈಲ್ಡ್ ಸ್ಟೀಲ್ ನಾರ್ಮಲೈಸ್ ಆಗುತ್ತದೆ, ಕಾರ್ಬೈಡ್ ಬಹುಪಾಲು ಕರಗುತ್ತದೆ, ಸಿಗ್ಮಾ ಎಂಬ ಪೆಡಸು ರೂಪ ಹುಟ್ಟುವ 600–900ರ ವ್ಯಾಪ್ತಿಯ ಮೇಲೆ ಇರುತ್ತೀರಿ. ಫರ್ನೇಸ್ ಒಳಗೇ ತಣಿಸಿದರೆ 850ರಿಂದ 500ರವರೆಗೆ ನಿಧಾನವಾಗಿ ಇಳಿದು ಮತ್ತೆ ಅದೇ ಕಾರ್ಬೈಡ್. ಮಿಶ್ರ ಪದರ ಗಾಳಿಯಲ್ಲೇ ಗಟ್ಟಿಯಾಗುವ ಜಾತಿ, ಅದರಲ್ಲಿ ಸ್ವಲ್ಪ ಮಾರ್ಟೆನ್ಸೈಟ್ ಮರಳಿ ಬರುತ್ತದೆ. ಕಾರ್ಬನ್ ಕಡಿಮೆ ಇರುವುದರಿಂದ ಅದು ಅಪಾಯದ ಮಟ್ಟಕ್ಕೆ ಹೋಗದು.


ಡೈಶಾಪ್27:

ಇಬ್ಬರಿಗೂ ಧನ್ಯವಾದ. ಇದ್ದ ಪೀಸನ್ನು 1020ಕ್ಕೆ ಹಾಕುವುದಿಲ್ಲ, ಹೊಸ ಬೇಸನ್ನು 47ಕ್ಕೆ ಹಾರ್ಡನ್ ಮಾಡಿಸಿ ಪ್ರಿಂಟ್ ಮಾಡುತ್ತೇವೆ. ಹಾರ್ಡನ್ ಆದ ಬ್ಲಾಕ್ ಮೇಲೆ ಪ್ರಿಂಟ್ ಶುರು ಮಾಡುವಾಗ ವಿಶೇಷವಾಗಿ ನೋಡಬೇಕಾದದ್ದು ಏನಾದರೂ ಇದೆಯೇ? ಏಜಿಂಗ್‌ನಲ್ಲಿ ಅಳತೆ ಎಷ್ಟು ಬದಲಾಗಬಹುದು?


ಕುಲುಮೆ:

ಇದೆ, ಮತ್ತು ಜೋಡಣೆ ಕೆಡುವುದು ಹೆಚ್ಚಾಗಿ ಇಲ್ಲೇ.

ಮೇಲ್ಮೈ ಗ್ರೈಂಡಿಂಗ್ ಮ್ಯಾಗ್ನೆಟಿಕ್ ಚಕ್ ಮೇಲೆ ಆಗಿರುತ್ತದೆ. ಡಿಮ್ಯಾಗ್ನೆಟೈಸ್ ಮಾಡದೆ ಮಷೀನ್‌ಗೆ ಹಾಕಿದರೆ ಮಾರೇಜಿಂಗ್ ಪೌಡರ್ ಅಂಚುಗಳಲ್ಲಿ ಮೀಸೆಯಂತೆ ನಿಲ್ಲುತ್ತದೆ, ಪದರ ಸಮ ಹರಡುವುದಿಲ್ಲ. ಗ್ರೈಂಡಿಂಗ್ ಹೊಳಪು ಇದ್ದರೆ ಲೇಸರ್ ಪ್ರತಿಫಲಿಸುತ್ತದೆ, ಆದ್ದರಿಂದ ಬ್ಲಾಸ್ಟ್ ಮಾಡಿ ಮಂಕಾಗಿಸಿ, ಅಂಟಿದ ಕಣ ಊದಿ, ಅಸಿಟೋನ್‌ನಲ್ಲಿ ಒರೆಸಿ. ಟೆಂಪರಿಂಗ್ ಬಣ್ಣ ಎಲ್ಲೂ ಉಳಿದಿರಬಾರದು, ಅದು ಆಕ್ಸೈಡ್.

ಲೆವೆಲಿಂಗ್ ನಾಲ್ಕೂ ಮೂಲೆಯಲ್ಲಿ 20 ಮೈಕ್ರಾನ್ ಒಳಗಿರಲಿ. ಒಂದು ಮೂಲೆ 100 ಮೈಕ್ರಾನ್ ತಗ್ಗಿದ್ದರೆ ಅಲ್ಲಿ ಮೊದಲ ಪದರ 40ರ ಬದಲು 140 ಆಗುತ್ತದೆ. ಲೇಸರ್ ಅಷ್ಟನ್ನು ಕರಗಿಸಿ ಬೇಸ್‌ವರೆಗೆ ಇಳಿಯುವುದು ಖಾತ್ರಿಯಿಲ್ಲ. ಫಲ, ಇಂಟರ್‌ಫೇಸ್ ಉದ್ದಕ್ಕೂ ಸಾಲಾಗಿ ಕರಗದ ಪೌಡರ್ ತೂತುಗಳು. ಮೊದಲ ಮೂರು ಪದರಗಳನ್ನು ಎರಡೆರಡು ಸಲ ಸ್ಕ್ಯಾನ್ ಮಾಡಿಸಿ. ಕರಗುವ ಆಳ ಸುಮಾರು 100 ಮೈಕ್ರಾನ್ ಇರುವುದರಿಂದ ಬೇಸ್ ಲೋಹ ಮೊದಲ ಕೆಲವು ಪದರಗಳಿಗೆ ಬೆರೆಯುತ್ತದೆ. ಅಲ್ಲಿ ಗಡಸುತನ 53ಕ್ಕಿಂತ ಬೇರೆ ಇದ್ದರೆ ಗಾಬರಿಯಾಗಬೇಡಿ, ಅದು ಕಾರ್ಬನ್-ಟೈಟಾನಿಯಂ ಕಥೆಯೇ.

ಅಳತೆ: ಏಜಿಂಗ್‌ನಲ್ಲಿ ಮಾರೇಜಿಂಗ್ ಶೇ. 0.05ರಿಂದ 0.1 ಕುಗ್ಗುತ್ತದೆ, ಟೆಂಪರ್ ಆದ ಎಚ್13 ಕುಗ್ಗುವುದಿಲ್ಲ. 80 ಮಿ.ಮೀ. ಉದ್ದಕ್ಕೆ 0.04–0.08 ಮಿ.ಮೀ. ಬೇಸ್ ಹಿಡಿದುಕೊಂಡಿರುವುದರಿಂದ ಅಷ್ಟೂ ಕುಗ್ಗದೆ ಸ್ವಲ್ಪ ಬಾಗುತ್ತದೆ, ಮೇಲ್ಭಾಗದಲ್ಲಿ ಎಳೆತ ಉಳಿಯುತ್ತದೆ. ಬೇಸ್ ಕೆಳಮೈಗೂ ಪ್ರಿಂಟ್ ಮೇಲ್ಮೈಗೂ 0.3 ಮಿ.ಮೀ. ಅಲೋವನ್ಸ್ ಬಿಟ್ಟು, ಏಜಿಂಗ್ ಆದ ಮೇಲೆ ಮೊದಲು ಕೆಳಮೈ ಗ್ರೈಂಡ್ ಮಾಡಿ, ಅದನ್ನೇ ರೆಫರೆನ್ಸ್ ಮಾಡಿಕೊಂಡು ಕ್ಯಾವಿಟಿ ಮುಗಿಸಿ.


ವಿಕರ್ಸ್300:

ಒಂದು ಸೇರ್ಪಡೆ. ಅದೇ ಬಿಲ್ಡ್‌ನಲ್ಲಿ, ಅದೇ ಹೀಟ್‌ನ (ಒಂದೇ ಸಲ ಕರಗಿಸಿ ಎರೆದ ಉಕ್ಕು) ಎಚ್13ನಿಂದ, ಅದೇ ಬ್ಯಾಚ್‌ನಲ್ಲಿ ಹಾರ್ಡನ್ ಆದ 20 ಮಿ.ಮೀ. ಚೌಕದ ಎರಡು ಕೂಪನ್ (ಪರೀಕ್ಷೆಯ ತುಂಡು) ಇಡಿ. ಒಂದನ್ನು ಏಜಿಂಗ್‌ಗೆ ಮುಂಚೆ ಕತ್ತರಿಸಿ, ಇನ್ನೊಂದು ಇನ್ಸರ್ಟ್ ಜೊತೆಗೇ ಫರ್ನೇಸ್‌ಗೆ ಹೋಗಲಿ. ಥರ್ಮೋಕಪಲ್ ಆ ಕೂಪನ್‌ಗಲ್ಲ, ಇನ್ಸರ್ಟ್‌ನ ದಪ್ಪ ಭಾಗಕ್ಕೆ ತಾಗಿರಬೇಕು, 6 ಗಂಟೆ ಎಣಿಸುವುದು ಅದು 490 ಮುಟ್ಟಿದ ಮೇಲೆ. ಕತ್ತರಿಸಿದ ಕೂಪನ್‌ನಲ್ಲಿ ಎಚ್ ಮಾಡುವ ಮುಂಚೆಯೇ, ಬರೀ ಪಾಲಿಶ್ ಆದ ಸ್ಥಿತಿಯಲ್ಲಿ, ಇಂಟರ್‌ಫೇಸ್ ಉದ್ದಕ್ಕೂ 100 ಪಟ್ಟು ಹಿಗ್ಗಿಸಿ ನೋಡಿ. ತೂತುಗಳು ಬಿಡಿಬಿಡಿಯಾಗಿ ದುಂಡಗಿದ್ದರೆ ಮುಂದುವರಿಯಿರಿ. ಚಪ್ಪಟೆಯಾಗಿ, ಒಳಗೆ ಕರಗದ ಪೌಡರ್ ಕಾಣುತ್ತಾ, ಗೆರೆಯುದ್ದಕ್ಕೂ ಸಾಲಾಗಿದ್ದರೆ ಅದು ಲೆವೆಲಿಂಗ್ ದೋಷ. ಆ ಇನ್ಸರ್ಟನ್ನು ಏಜಿಂಗ್‌ಗೆ ಕಳಿಸಬೇಡಿ, ಮೇಲ್ಭಾಗ ವೈರ್‌ಕಟ್ ಮಾಡಿ ತೆಗೆದು ಬೇಸ್ ಮುಖ ಹೊಸದಾಗಿ ಗ್ರೈಂಡ್ ಮಾಡಿ ಮತ್ತೆ ಪ್ರಿಂಟ್ ಮಾಡಬಹುದು. ಬಿಸಿ ತಗುಲಿದ ಪಟ್ಟಿ ಹೋಗುವಷ್ಟು, ಅಂದರೆ ಹಳೆ ಗೆರೆಯಿಂದ ಕೆಳಗೆ 1 ಮಿ.ಮೀ. ತೆಗೆದರೆ ಸಾಕು.